ಬಾಟ್ಲಿ ಮೇಲೆ ಅವರದೇ ಹೆಸರು

ಲಿಯಾನ್, ಫ್ರಾನ್ಸ್
ಅಕ್ಟೋಬರ್ 5

ಅಪ್ಪಾಜಿಗೆ, ಅವ್ವನಿಗೆ ನಮಸ್ಕಾರಗಳು.

ನಾನು ಇಲ್ಲಿ ಆರಾಮ ಇದ್ದೇನೆ. ಅಲ್ಲಿ ಅಕ್ಟೋಬರ್ ಚಾಟ್ನಿ ಶುರುವಾಗಿ ನಮ್ಮ ದ್ರಾಕ್ಷಿ ಬಳ್ಳಿ ಕತ್ತರಿಸುತ್ತಿರಬೇಕು, ಅಲ್ವಾ? ಆಳು ಸಿಕ್ಕರಾ?

ಹೋದ ತಿಂಗಳು ಹತ್ತು ದಿನ ನಾನೂ ದ್ರಾಕ್ಷಿ ಕೀಳಲು ಹೋಗಿದ್ದೆ. ಲಿಯಾನ್‌ನಿಂದ ಉತ್ತರಕ್ಕೆ ಒಂದು ತಾಸಿನ ದಾರಿ, ಬೋಜೋಲೆ ಸೀಮೆಯ ಮೊರ್ಗಾನ್. ಕೆಂಪು ವೈನ್ ಮಾಡುವ ಮನೆ. ಅವ್ವಾ, ಗಾಬರಿ ಆಗಬೇಡ. ಒಂದು ಗುಟುಕು ರುಚಿ ನೋಡಿದೆ, ನಿನ್ನ ಮುಂದೆ ಮುಚ್ಚಿಡುವುದಿಲ್ಲ. ನೇರಳೆ ಹಣ್ಣು ತಿಂದಂತೆ ನಾಲಿಗೆ ಮೇಲೆ ಸ್ವಲ್ಪ ಒಗರು ಉಳಿಯಿತು. ಆದರೆ ಈ ಪತ್ರ ಆ ಮನೆಯ ಯಜಮಾನತಿಗಾಗಿ. ಅರವತ್ತು ದಾಟಿದ ಹೆಂಗಸು. ಅವರನ್ನು ನೋಡಿದಾಗೆಲ್ಲ ನೀವೇ ನೆನಪಾಗುತ್ತಿದ್ದಿರಿ, ಅಪ್ಪಾಜಿ.

ಅಲ್ಲಿನ ದ್ರಾಕ್ಷಿ ಪಡದಲ್ಲಿ ಚಪ್ಪರ ಇಲ್ಲ, ತಂತಿ ಇಲ್ಲ. ಮೊಣಕಾಲೆತ್ತರದ ಗಿಡಗಳು ಒಂಟೊಂಟಿ ನಿಂತಿರುತ್ತವೆ. ಆ ಮನೆಯವರು ಕೈಯಿಂದಲೇ ಕೀಳಿಸುತ್ತಾರೆ, ಮಷಿನ್ ಬಿಡುವುದಿಲ್ಲ. ಬಗ್ಗಿ ಬಗ್ಗಿ ನನ್ನ ಸೊಂಟ ಹಿಡಿದುಹೋಯಿತು. ತಳಿ ಗಮೆ, ಕಪ್ಪು ದ್ರಾಕ್ಷಿ. 1395ರಲ್ಲಿ ಬರ್ಗಂಡಿಯ ದೊರೆ ಇದು ಕೆಟ್ಟ ಜಾತಿ, ಕಿತ್ತು ಹಾಕಿ ಅಂತ ಆಜ್ಞೆ ಮಾಡಿದ್ದ. ಇಲ್ಲಿನ ಮಣ್ಣಿನಲ್ಲಿ ಅದೇ ಊರಿನ ಅನ್ನವಾಗಿದೆ! ಬೇರು ಮಾತ್ರ ನಮ್ಮ ತೋಟದ ಡಾಗ್ರಿಜ್ ಬೇರಿನ ಹಾಗೆ ಅಮೆರಿಕದ ಜಾತಿ, ಮೇಲೆ ಕಸಿ. ಸುಮಾರು ನೂರೈವತ್ತು ವರ್ಷದ ಹಿಂದೆ ಬೇರು ತಿನ್ನುವ ಹೇನು ಬಿದ್ದು ಫ್ರಾನ್ಸಿನ ತೋಟಗಳೆಲ್ಲ ಹಾಳಾಗಿದ್ದವಂತೆ.

ಒಂದು ಹಣ್ಣು ಹಿಚುಕಿ ತೋರಿಸಿದರು. ರಸ ಬಿಳಿ! ಕೆಂಪೆಲ್ಲ ಸಿಪ್ಪೆಯದ್ದು. ಗೊಂಚಲುಗಳನ್ನು ಬಿಡಿಸದೆ ಹಾಗೇ ಟ್ಯಾಂಕಿಗೆ ತುಂಬುತ್ತಾರೆ. ಅಡಿಯವು ಭಾರಕ್ಕೆ ಒಡೆದು ಹುದುಗು ಬರುತ್ತವೆ, ಅದರ ಗ್ಯಾಸ್ ತುಂಬಿಕೊಂಡು ಮೇಲಿನ ಹಣ್ಣು ಒಡೆಯದೆ ಒಳಗೊಳಗೇ ಹುದುಗುತ್ತದೆ. ಕೋಣೆಯಲ್ಲಿ ಗಾಣದ ಮನೆಯಂಥ ವಾಸನೆ. ಟ್ಯಾಂಕಿಗೆ ಇಳಿಯುವ ಮೊದಲು ಅವರು ಹಗ್ಗಕ್ಕೆ ಮೇಣದ ಬತ್ತಿ ಕಟ್ಟಿ ಒಳಗೆ ಬಿಟ್ಟರು. ಅರ್ಧಕ್ಕೇ ಆರಿತು. ಯಾರನ್ನೂ ಇಳಿಸಲಿಲ್ಲ. ಬಾವಿ ಹೂಳು ತೆಗೆಯುವಾಗ ನೀವು ಕಂದೀಲು ಇಳಿಸುತ್ತಿದ್ದದ್ದು ಕಣ್ಣಿಗೆ ಕಟ್ಟಿತು.

ಮೊದಲು ಅವರೂ ಮಾಲೆಲ್ಲ ವ್ಯಾಪಾರಿಗೇ ಕೊಡುತ್ತಿದ್ದರು. ಅದೇ ಊರಿನ ಮಾರ್ಸೆಲ್ ಲಾಪಿಯರ್ ಎಂಬ ರೈತ 1980ರ ದಶಕದಲ್ಲಿ ಔಷಧಿ ಬಿಟ್ಟು, ಹೊರಗಿನ ಯೀಸ್ಟ್ ಬಿಟ್ಟು, ಹಣ್ಣಿನ ಮೇಲಿರುವ ಹುದುಗಿನಿಂದಲೇ ವೈನ್ ಮಾಡಿ ಹೆಸರಾದವರು. 2010ರಲ್ಲಿ ತೀರಿಕೊಂಡರು. ಅವರನ್ನು ನೋಡಿ ಈಕೆಗೂ ಧೈರ್ಯ ಬಂತಂತೆ. ಈಗ ಬೆಳೆಯುವುದು, ಹುದುಗಿಸುವುದು, ಬಾಟ್ಲಿ ತುಂಬುವುದು, ಎಲ್ಲ ಅವರ ಮನೆಯಲ್ಲೇ. ಲೇಬಲ್ ಮೇಲೆ ಅವರ ಹೆಸರು, ಊರಿನ ಹೆಸರು. ಸಂಜೆ ಅಡುಗೆ ಮನೆಯ ಮೇಜಿನ ಮುಂದೆ ಕೂತು ನಾನೂ ಒಂದಷ್ಟು ಅಂಟಿಸಿದೆ. ಒಂದು ಸೊಟ್ಟ ಆಗಿತ್ತು. ಅವರು ಏನೂ ಅನ್ನದೆ ಬಿಸಿನೀರಲ್ಲಿ ನೆನೆಸಿ ಕಿತ್ತು, ಹೊಸದನ್ನು ಹೆಬ್ಬೆರಳಿಂದ ನಿಧಾನ ಒತ್ತಿದರು.

ಅಪ್ಪಾಜಿ, ಆವಾಗ ನನ್ನ ಕಣ್ಣು ತುಂಬಿತು. ಶೆಡ್ಡಿನಲ್ಲಿ ನೀವು ಮಗುವಿನಂತೆ ಕಾಯ್ದು ಒಣಗಿಸುವ ದ್ರಾಕ್ಷಿ ಮಹಾರಾಷ್ಟ್ರದ ತಾಸಗಾಂವ್ ಪೇಟೆ ಸೇರುತ್ತದೆ. ಅಲ್ಲಿಂದ ಯಾರದೋ ಬಾಕ್ಸಿನಲ್ಲಿ ಹೋಗುತ್ತದೆ. ತಿಂದವರಿಗೆ ತಿಕೋಟಾ ಗೊತ್ತಿಲ್ಲ, ನೀವೂ ಗೊತ್ತಿಲ್ಲ. ಈ ಸಲ ಎರಡು ಕ್ವಿಂಟಲ್ ಮಾತ್ರ ತೆಗೆದಿಡಿ. ಅರ್ಧ ಕಿಲೋ ಪ್ಯಾಕೆಟ್ ಮಾಡೋಣ. ಮೇಲೆ ನಿಮ್ಮ ಹೆಸರು, ಕೆಳಗೆ ತಿಕೋಟಾ, ವಿಜಯಪುರ ಜಿಲ್ಲೆ. ಲೈಸೆನ್ಸ್ ಏನು ಬೇಕೋ ಅಣ್ಣ ವಿಚಾರಿಸಲಿ, ಛಾಪಿಸುವ ಖರ್ಚು ನಾನು ಕಳಿಸುತ್ತೇನೆ.

ದೀಪಾವಳಿಗೆ ಫೋನ್ ಮಾಡುತ್ತೇನೆ. ಅಷ್ಟರೊಳಗೆ ಅವ್ವನ ಜೊತೆ ಮಾತಾಡಿ ಹೂಂ ಅನ್ನಿ.

ನಿಮ್ಮ ಮಗಳು