ಗಿಡ ಸಾಕು, ಬೇಲಿ ಕೊಡಿ: ಶಾಲಾ ಪರಿಸರ ಸಮಿತಿಯ ಮನವಿ

ಊರಿನ ಹಿರಿಯರಿಗೆ, ಹಳೆ ವಿದ್ಯಾರ್ಥಿಗಳಿಗೆ, ಬೆಂಗಳೂರು ಸೇರಿದ ನಮ್ಮವರಿಗೆಲ್ಲ ನಮಸ್ಕಾರ.

ಜೂನ್ 5ರ ಪರಿಸರ ದಿನ ಬಂತೆಂದರೆ ನಮ್ಮ ಶಾಲೆಯಲ್ಲಿ ಗಿಡಗಳಿಗೆ ಬರವಿಲ್ಲ. ನರ್ಸರಿಯಿಂದ ಬರುತ್ತವೆ, ಸಂಘದವರು ತರುತ್ತಾರೆ, ಫೋಟೊನೂ ಆಗುತ್ತದೆ. ಹೊಸನಗರದ ಕಡೆ ಮಳೆ ಹಿಡಿದರೆ ಕೋಲು ನೆಟ್ಟರೂ ಚಿಗುರುತ್ತದೆ, ಅಲ್ವಾ? ಕಷ್ಟ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ. ಶಾಲೆಗೆ ರಜೆ. ನೀರು ಹಾಕುವವರಿಲ್ಲ, ದನ ಓಡಿಸುವವರೂ ಇಲ್ಲ. ಜೂನ್‌ನಲ್ಲಿ ಮತ್ತೆ ಅದೇ ಗುಂಡಿಗೆ ಹೊಸ ಗಿಡ! ಹಾಗಾಗಿ ಈ ಸಲ ಗಿಡ ಬೇಡ. ಇರುವುದನ್ನು ಉಳಿಸಿಕೊಳ್ಳಲು ಸಹಾಯ ಮಾಡಿ.

ಪರಿಸರ ಸಮಿತಿ ಅಂದರೆ ನಾಲ್ಕು ಮತ್ತು ಐದನೇ ಕ್ಲಾಸಿನ ಮಕ್ಕಳು, ಒಬ್ಬರು ಮೇಷ್ಟ್ರು, ಬಿಸಿಯೂಟದ ಅಡುಗೆ ಅಕ್ಕ. ತಟ್ಟೆ ತೊಳೆದ ನೀರು ಬಸಳೆಗೂ ಬಾಳೆ ಬುಡಕ್ಕೂ ಹೋಗುವಂತೆ ಕಾಲುವೆ ತೆಗೆಸಿದ್ದು ಅಕ್ಕನೇ. ಮೊಟ್ಟೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಒಣಗಿದ ಎಲೆಯ ದರಗು ಎಲ್ಲ ಗೊಬ್ಬರದ ಗುಂಡಿಗೆ. ಸೊಪ್ಪು ಕಂಡರೆ ಮುಖ ಸಿಂಡರಿಸುವ ಮಕ್ಕಳೂ ತಾವೇ ಬೆಳೆದ ಹರಿವೆ ಅಂದರೆ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾರೆ.

ಬೀಜದ ಕೆಲಸ ಇನ್ನೂ ಚೆಂದ. ಮನೆಯಲ್ಲಿ ಮುರುಗಲು (ಪುನರ್ಪುಳಿ) ಸಿಪ್ಪೆ ಒಣಗಿಸುವಾಗ ಬೀಜ ಎಸೆಯಬೇಡಿ ಎಂದು ತಾಯಂದಿರಿಗೆ ಹೇಳಿಟ್ಟಿದ್ದೇವೆ. ಹಲಸು, ನೇರಳೆ, ಮುರುಗಲಿನಂತೆಯೇ ಹುಳಿ ಕೊಡುವ ಉಪ್ಪಾಗೆಯ ಬೀಜವೂ ಬರುತ್ತದೆ. ಖಾಲಿ ಹಾಲಿನ ಪ್ಯಾಕೆಟ್‌ಗೆ ಮಣ್ಣು ತುಂಬಿ ಊರುತ್ತಾರೆ. ಹಲಸಿನ ಬೀಜ ಒಣಗಿದರೆ ಹುಟ್ಟುವುದಿಲ್ಲ, ಹಸಿ ಇರುವಾಗಲೇ ಊರಬೇಕು. ಉಪ್ಪಾಗೆಯದು ಮೊಳೆಯಲು ತಿಂಗಳುಗಟ್ಟಲೆ ಕಾಯಿಸುತ್ತದೆ. ದಿನಾ ಮಣ್ಣು ಕೆದಕಿ ನೋಡುವ ಮಕ್ಕಳನ್ನು ತಡೆಯುವುದೇ ಮೇಷ್ಟ್ರಿಗೆ ಕೆಲಸ. ಬೀಜಕ್ಕೆಂದು ಕಾಡಿಗೆ ಮಾತ್ರ ಯಾರನ್ನೂ ಕಳಿಸುವುದಿಲ್ಲ. 1957ರಲ್ಲಿ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಬೇಸಿಗೆಯಲ್ಲಿ ಆ ಕಾಯಿಲೆ ಹರಡುವ ಉಣುಗಿನ ಭಯ. ಹಿತ್ತಲಿನ ಬೀಜವೇ ಸಾಕು.

ಈಗ ಬೇಲಿಯ ವಿಷಯ. ಸದ್ಯಕ್ಕಿರುವುದು ಊರಿನವರು ಕೊಟ್ಟ ಅಡಿಕೆ ದಬ್ಬೆಯದು. ಪ್ರೀತಿಯಿಂದ ಕೊಟ್ಟಿದ್ದು, ಆದರೆ ನಮ್ಮ ಮಳೆಗೆ ಬೇಗ ಲಡ್ಡಾಗುತ್ತದೆ. ಕಲ್ಲು ಕಂಬ, ತಂತಿ ಬೇಕು.

ಆಮೇಲೆ ನೀರು. ಶಾಲೆಯ ಹೆಂಚಿನ ಮಾಡು ಸುಮಾರು 100 ಚದರ ಮೀಟರ್. ಅದರ ಮೇಲೆ 1 ಮಿ.ಮೀ. ಮಳೆ ಬಿದ್ದರೆ 100 ಲೀಟರ್ ಎಂದು ಐದನೇ ಕ್ಲಾಸಿನವರು ಲೆಕ್ಕ ಹಾಕಿದ್ದಾರೆ. 100 ಮಿ.ಮೀ. ಸುರಿದರೆ 10,000 ಲೀಟರ್. ಆಷಾಢದಲ್ಲಿ ಅಂಥ ದಿನ ನಮಗೇನೂ ಹೊಸದಲ್ಲ. ಅಷ್ಟೂ ನೀರು ಸುಮ್ನೆ ಚರಂಡಿ ಸೇರುತ್ತದೆ, ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುತ್ತದೆ. ಸೂರಿನ ನೀರು ಹಿಡಿಯಲು ಪೈಪು, ಒಂದು ದೊಡ್ಡ ಟ್ಯಾಂಕು ಬೇಕು. ಗಿಡದ ಬುಡದ ಪಕ್ಕ ಹೂಳಲು ಮಣ್ಣಿನ ಮಡಕೆಗಳೂ ಬೇಕು. ತುಂಬಿಸಿ ಮುಚ್ಚಿಟ್ಟರೆ ನೀರು ನಿಧಾನ ಜಿನುಗಿ ಬೇರಿಗೆ ಸಿಗುತ್ತದೆ.

ಕೊನೆಯದು, ರಜೆಯಲ್ಲಿ ಬಂದು ಆ ಮಡಕೆ ತುಂಬಿಸುವ ಅಡುಗೆ ಅಕ್ಕನಿಗೆ ಎರಡು ತಿಂಗಳ ಸಂಬಳ. ಅವರು ಬೇಡ ಅನ್ನುತ್ತಾರೆ. ಸೇವೆ ಅಂತ ಹೇಳಿ ಬಡವರಿಂದ ಪುಕ್ಕಟೆ ದುಡಿಸಿಕೊಳ್ಳಲು ನಮಗೆ ಮನಸ್ಸಿಲ್ಲ.

ಹಣ ಕೊಡುವವರು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರ ಜಂಟಿ ಖಾತೆಗೆ ಕೊಡಿ, ವಿವರ ಶಾಲೆಯಲ್ಲಿ ಸಿಗುತ್ತದೆ. ರಸೀದಿ ಕೊಡುತ್ತೇವೆ. ಖರ್ಚಿನ ಬಿಲ್ಲುಗಳನ್ನು ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಹಣವೇ ಆಗಬೇಕೆಂದಿಲ್ಲ. ನಾಲ್ಕು ಕಂಬ, ಒಂದು ಟ್ರ್ಯಾಕ್ಟರ್ ಬಾಡಿಗೆ, ಒಂದು ದಿನದ ಆಳು ಕೆಲಸ ಕೊಟ್ಟರೂ ಆಯಿತು. ದಾನಿಗಳ ಹೆಸರು ಬೋರ್ಡಿನಲ್ಲಿ ಇರುತ್ತದೆ. ಮರಕ್ಕೆ ಮೊಳೆ ಹೊಡೆದು ಫಲಕ ಹಾಕುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದ ಕೂಡಲೇ ಕಂಬ ಹುಗಿಯಬೇಕು. ಸಂಕ್ರಾಂತಿಯೊಳಗೆ ಒಂದು ಮಾತು ತಿಳಿಸಿದರೆ ಉಪಕಾರ.

ಇಂತಿ,
ಪರಿಸರ ಸಮಿತಿ ಮತ್ತು ಎಸ್‌ಡಿಎಂಸಿ
ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ಹೊಸನಗರ ತಾಲ್ಲೂಕು