ದೊಡ್ಡ ಪ್ಯಾಕೆಟ್ ಒಡೆದು ಮಾರಿದ ಡೆವಲಪರ್ ಪುಡಿಯ ಬಗ್ಗೆ ದೂರು

ಇವರಿಂದ:
ನಿಮ್ಮ ಗ್ರಾಹಕ, ಮಾಟುಂಗಾ, ಮುಂಬಯಿ

ಇವರಿಗೆ:
ಮಾಲೀಕರು, ಫೋಟೋ ಸಾಮಗ್ರಿ ಮಳಿಗೆ, ಫೋರ್ಟ್, ಮುಂಬಯಿ

ವಿಷಯ: ‘ಡಿ-76, 1 ಲೀಟರ್’ ಎಂದು ಮಾರಿದ ಬಿಡಿ ಕವರ್‌ಗಳಿಂದ ಫಿಲಂ ಹಾಳಾಗಿರುವುದು

ಮಾನ್ಯರೇ,

ನಿಮ್ಮ ಗಲ್ಲೆಯ ಮುಂದೆ ನಾವು ಯಾವಾಗಲೂ ಕನ್ನಡದಲ್ಲೇ ವ್ಯವಹಾರ ಮಾಡುತ್ತ ಬಂದವರು. ಆದ್ದರಿಂದ ಈ ದೂರನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಜುಲೈ ಕೊನೆಯಲ್ಲಿ ನಿಮ್ಮಿಂದ ಡಿ-76 ಡೆವಲಪರ್ ಪುಡಿಯ, ಅಂದರೆ ಕ್ಯಾಮೆರಾದಿಂದ ತೆಗೆದ ಕಪ್ಪು-ಬಿಳುಪು ಫಿಲಂ ತೊಳೆದು ಚಿತ್ರ ಮೂಡಿಸುವ ರಾಸಾಯನಿಕದ, ಎರಡು ಕವರ್ ತರಿಸಿಕೊಂಡೆ. ಬಂದದ್ದು ಸೀಲ್ ಇರುವ ಪ್ಯಾಕೆಟ್ ಅಲ್ಲ, ಜಿಪ್ ಇರುವ ತೆಳು ಪ್ಲಾಸ್ಟಿಕ್ ಕವರ್. ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು ಮತ್ತು ‘1 ಲೀಟರ್’ ಎಂದಷ್ಟೇ ಬರೆದಿತ್ತು. ಅದರಲ್ಲಿ ತೊಳೆದ ಫಿಲಂ ಹಾಳಾಯಿತು. ಫೋನ್ ಮಾಡಿದರೆ ನಿಮ್ಮ ಹುಡುಗ, ‘ಕ್ಯಾಮೆರಾದ ಶಟರ್ ಹೋಗಿರಬೇಕು, ರಿಪೇರಿಗೆ ಕೊಡಿ, ಒಡೆದ ಕವರ್ ವಾಪಸ್ ತಗೊಳ್ಳಲ್ಲ’ ಎಂದು ಹೇಳಿ ಮುಗಿಸಿದ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲನೆಯದಾಗಿ, ಪುಡಿ ಕಲಸಿದ್ದು ಹೇಗೆಂದು ಹೇಳಿಬಿಡುತ್ತೇನೆ. 750 ಮಿಲಿಲೀಟರ್ ಡಿಸ್ಟಿಲ್ಡ್ ವಾಟರನ್ನು 52 ಡಿಗ್ರಿಗೆ ಬಿಸಿ ಮಾಡಿ, ಗಾಳಿ ಸೇರದಂತೆ ನಿಧಾನವಾಗಿ ಕದಡುತ್ತ ಇಡೀ ಕವರನ್ನು ಒಂದೇ ಸಲಕ್ಕೆ ಕರಗಿಸಿ, ತಣ್ಣೀರು ಸೇರಿಸಿ 1 ಲೀಟರ್ ಮಾಡಿದೆ. ನಾಲ್ಕು ಸಣ್ಣ ಕಂದು ಗಾಜಿನ ಬಾಟಲಿಗಳಿಗೆ ಕಂಠದವರೆಗೆ ತುಂಬಿ ಬಿರಟೆ ಬಿಗಿದು, ದಿನಾಂಕ ಅಂಟಿಸಿ, ಬಿಸಿಲು ಬೀಳದ ಕಪಾಟಿನಲ್ಲಿಟ್ಟೆ. ಹೀಗೆ ತುಂಬಿಟ್ಟ ಡೆವಲಪರ್ 6 ತಿಂಗಳು ಬಾಳಬೇಕು, ಅರ್ಧ ಖಾಲಿಯಾದ ಬಾಟಲಿಯಲ್ಲೂ 2 ತಿಂಗಳು. ನಾನು ಬಳಸಿದ್ದು ಮರುದಿನವೇ. ಮುಂಬಯಿಯ ನಲ್ಲಿ ನೀರು ಆಗಸ್ಟಿನಲ್ಲಿ 20 ಡಿಗ್ರಿಗೆ ಇಳಿಯುವ ಮಾತೇ ಇಲ್ಲ. ಬೇಸನ್ನಿನಲ್ಲಿ ಐಸ್ ಹಾಕಿ, ಥರ್ಮಾಮೀಟರ್ ನೋಡಿ 20ಕ್ಕೆ ತಂದು, ಇಲ್ಫರ್ಡ್ ಎಚ್‌ಪಿ5 ಪ್ಲಸ್ ಫಿಲಂ ಅನ್ನು ಏಳೂವರೆ ನಿಮಿಷ ತೊಳೆದೆ. ಕಲಸಿದ ಮೇಲೆ ಮತ್ತೆ ನೀರು ಬೆರೆಸದ ಡಿ-76ಗೆ ಅದೇ ಸಮಯ.

ಟ್ಯಾಂಕ್ ತೆಗೆದಾಗ ಫಿಲಂ ಹೆಚ್ಚುಕಡಿಮೆ ಗಾಜಿನಷ್ಟು ಪಾರದರ್ಶಕವಾಗಿತ್ತು, ಚಿತ್ರವೇ ಮೂಡಿರಲಿಲ್ಲ. ಅಲ್ಲಲ್ಲಿ ಬೂದಿಬಣ್ಣದ ನೆರಳು, ಅಷ್ಟೇ. ಇಲ್ಲಿ ನೀವು ಗಮನಿಸಬೇಕಾದದ್ದು ಫಿಲಂನ ಅಂಚು. ಅಲ್ಲಿ ಬರುವ ಫಿಲಂ ಹೆಸರು, ಫ್ರೇಮಿನ ಅಂಕಿಗಳನ್ನು ಕಾರ್ಖಾನೆಯಲ್ಲೇ ಬೆಳಕಿಗೆ ಒಡ್ಡಿರುತ್ತಾರೆ. ಕ್ಯಾಮೆರಾಕ್ಕೂ ಅದಕ್ಕೂ ಸಂಬಂಧವಿಲ್ಲ. ಶಟರ್ ಕೆಟ್ಟಿದ್ದರೆ ಚಿತ್ರ ಬರದೆ ಹೋಗಬಹುದು, ಆದರೆ ಅಂಚಿನ ಅಕ್ಷರ ಕಪ್ಪಗೆ ಬರಲೇಬೇಕು. ನನ್ನ ನೆಗೆಟಿವ್‌ನಲ್ಲಿ ಆ ಅಕ್ಷರಗಳನ್ನು ಕಿಟಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ಹುಡುಕಬೇಕು. ಫೋಟೋ ಸಾಮಗ್ರಿ ಮಾರುವವರಿಗೆ ಇದು ತಿಳಿದಿರಬೇಕಾದ ವಿಷಯ.

ಎರಡನೇ ಕವರಿನಲ್ಲಿ ಪುಡಿ ಗಂಟು ಕಟ್ಟಿತ್ತು. ಗಂಟು ಮುರಿದರೆ ಒಳಗೆ ಕಂದು ಚುಕ್ಕೆಗಳು, ಕರಗಿಸಿದ ನೀರು ಚಹಾದ ಬಣ್ಣಕ್ಕೆ ತಿರುಗಿತು. ಅದಕ್ಕೆ ಫಿಲಂ ಹಾಕುವ ಮುಂಚೆ, ಬೆಳಕು ಬಿದ್ದ ಫಿಲಂ ತುದಿಯ ಒಂದು ತುಂಡನ್ನು ಅದ್ದಿ ನೋಡಿದೆ. ಕೆಲವೇ ನಿಮಿಷದಲ್ಲಿ ಅದು ಇದ್ದಿಲಿನಂತೆ ಕಪ್ಪಾಗಬೇಕಿತ್ತು; ಮಾಸಲು ಬೂದಿಯಲ್ಲೇ ನಿಂತಿತು. ಅದೇ ಫಿಲಂನ ಇನ್ನೊಂದು ತುಂಡು ಗೆಳೆಯರ ಸೀಲ್ ಪ್ಯಾಕೆಟ್ಟಿನ ಡಿ-76ನಲ್ಲಿ ಪೂರಾ ಕಪ್ಪಾಯಿತು. ಎರಡೂ ತುಂಡುಗಳನ್ನು ತೆಗೆದಿಟ್ಟಿದ್ದೇನೆ.

ಕಾರಣ ಏನೆಂದು ನಿಮ್ಮ ಹುಡುಗನ ಬಾಯಿಂದಲೇ ಬಂತು: ‘3.8 ಲೀಟರಿನ ದೊಡ್ಡ ಪ್ಯಾಕೆಟ್ ಒಡೆದು ನಾಲ್ಕು ಮಾಡ್ತೀವಿ, ಮಾಲು ಒರಿಜಿನಲ್ಲೇ.’ ಮಾಲು ಒರಿಜಿನಲ್ ಇರಬಹುದು, ಹಂಚಿದ ಮೇಲೆ ಅದು ಡಿ-76 ಆಗಿ ಉಳಿಯುವುದಿಲ್ಲ. ಪುಸ್ತಕಗಳಲ್ಲಿ ಅಚ್ಚಾದ ಸೂತ್ರದ ಪ್ರಕಾರ ಲೀಟರಿಗೆ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಮೆಟಾಲ್ 2 ಗ್ರಾಂ, ಬೋರಾಕ್ಸ್ 2 ಗ್ರಾಂ. ಚಿತ್ರ ಮೂಡಿಸುವ ಕೆಲಸವೆಲ್ಲ ಮೆಟಾಲ್ ಮತ್ತು ಹೈಡ್ರೋಕ್ವಿನೋನಿನದು, ಅವೆರಡೂ ಸೇರಿ ಒಟ್ಟು 109 ಗ್ರಾಂನಲ್ಲಿ ಬರೀ 7 ಗ್ರಾಂ. ಚುರುಮುರಿ ಪೊಟ್ಟಣದಲ್ಲಿ ಕಡಲೆಬೀಜ ತಳಕ್ಕಿಳಿಯುವ ಹಾಗೆ, ಸಾಗಣೆಯಲ್ಲಿ ಕುಲುಕಿದ ಪ್ಯಾಕೆಟ್ಟಿನಲ್ಲಿ ಈ ಪುಡಿಗಳೂ ಬೇರೆಬೇರೆ ಪದರಕ್ಕೆ ಸರಿಯುತ್ತವೆ. ತಕ್ಕಡಿಯಲ್ಲಿ ನಾಲ್ಕು ಸಮಭಾಗ ಮಾಡಿದರೂ ಒಬ್ಬರಿಗೆ ಬರೀ ಸಲ್ಫೈಟ್, ಇನ್ನೊಬ್ಬರಿಗೆ ಬೇಡದಷ್ಟು ಮೆಟಾಲ್ ಹೋಗಬಹುದು. ಇಡೀ ಪ್ಯಾಕೆಟ್ಟನ್ನು ಒಟ್ಟಿಗೇ ಕರಗಿಸಬೇಕು ಎನ್ನುವುದು ಇದಕ್ಕೇ. ಮೇಲಾಗಿ ಮುಂಬಯಿಯ ಮಳೆಗಾಲ. ಅಂಗಡಿಯ ತೇವದ ಗಾಳಿಗೆ ಪ್ಯಾಕೆಟ್ ಒಮ್ಮೆ ಬಿಚ್ಚಿದರೆ ಮುಗಿಯಿತು. ತೇವ ಹೊಕ್ಕರೆ ಮೆಟಾಲ್ ಕಂದಾಗುತ್ತದೆ, ಅದನ್ನು ಕಾಯಬೇಕಾದ ಸಲ್ಫೈಟೂ ಗಾಳಿಗೆ ಸಲ್ಫೇಟ್ ಆಗಿ ನಿಸ್ಸತ್ವವಾಗುತ್ತದೆ.

ಆ ಫಿಲಂನಲ್ಲಿ ಇದ್ದದ್ದು ಯಕ್ಷಗಾನದ ಚೌಕಿ, ಅಂದರೆ ಕಲಾವಿದರು ವೇಷ ಕಟ್ಟುವ ಜಾಗ. ಮಳೆಗಾಲದಲ್ಲಿ ಊರ ಕಡೆಯ ಕಲಾವಿದರು ಮುಂಬಯಿಗೆ ಬಂದಿದ್ದಾಗ, ಹಿರಿಯ ಬಣ್ಣದ ವೇಷಧಾರಿಯೊಬ್ಬರು ಎಡಗೈಯಲ್ಲಿ ಪುಟ್ಟ ಕನ್ನಡಿ ಹಿಡಿದು, ಕಡ್ಡಿಯ ತುದಿಯಿಂದ ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿಯನ್ನು, ಅಂದರೆ ಉಬ್ಬಿದ ಬಿಳಿ ಚುಕ್ಕೆಗಳನ್ನು, ಸಾಲುಸಾಲಾಗಿ ಇಟ್ಟುಕೊಳ್ಳುವುದನ್ನು ಮೊದಲಿನಿಂದ ಕೊನೆಯವರೆಗೆ ತೆಗೆದಿದ್ದೆ. ಈ ವರ್ಷದ ತಿರುಗಾಟವೇ ಕೊನೆಯದು ಎಂದು ಅವರು ಹೇಳಿದ್ದರು. ಪ್ರತಿ ಕಳಿಸುತ್ತೇನೆಂದು ಮಾತು ಕೊಟ್ಟವನು ಈಗ ಏನು ಕಳಿಸಲಿ? ನಿಮ್ಮ ದೃಷ್ಟಿಯಲ್ಲಿ ಇದು ಒಂದು ಕವರಿನ ಲೆಕ್ಕ ಇರಬಹುದು, ನನಗೆ ಹಾಗಲ್ಲ.

ಇನ್ನೊಂದು ವಿಷಯ, ಇದು ನನಗೆ ತುಂಬ ಭಯ ಹುಟ್ಟಿಸಿದೆ. ಮೆಟಾಲ್ ಕೆಲವರ ಚರ್ಮಕ್ಕೆ ತುರಿಕೆ, ಹುಣ್ಣು ತರುತ್ತದೆ. ಹೈಡ್ರೋಕ್ವಿನೋನ್ ಹೊಟ್ಟೆಗೆ ಹೋದರೆ ವಿಷ. ಅಡುಗೆಮನೆಯೇ ಡಾರ್ಕ್‌ರೂಮ್ ಆಗುವ ಮುಂಬಯಿ ಮನೆಗಳಿಗೆ ಎಚ್ಚರಿಕೆಯ ಒಂದು ಸಾಲೂ ಇಲ್ಲದ ಬಿಳಿ ಪುಡಿಯನ್ನು ನೀವು ಕಳಿಸುತ್ತಿದ್ದೀರಿ. ತಯಾರಕರು ಯಾರು, ಪ್ಯಾಕ್ ಮಾಡಿದವರು ಯಾರು, ಯಾವ ತಿಂಗಳು, ತೂಕ ಎಷ್ಟು, ಗರಿಷ್ಠ ಬೆಲೆ ಎಷ್ಟು, ಯಾವುದೂ ಕವರ್ ಮೇಲಿಲ್ಲ. ಲೀಗಲ್ ಮೆಟ್ರಾಲಜಿಯ (ಅಳತೆ-ತೂಕದ ಕಾನೂನಿನ) 2011ರ ಪೊಟ್ಟಣ ಸರಕು ನಿಯಮಗಳು ಇವನ್ನೆಲ್ಲ ಅಚ್ಚು ಹಾಕಲೇಬೇಕೆನ್ನುತ್ತವೆ.

ಎರಡು ಕವರಿನ ಹಣ ಮತ್ತು ಹಾಳಾದ ಫಿಲಂ ರೋಲಿನ ಬೆಲೆಯನ್ನು ಹಿಂದಿರುಗಿಸಿ. ಉಳಿದ ಬಿಡಿ ಕವರ್‌ಗಳನ್ನು ಕೂಡಲೇ ಮಾರಾಟದಿಂದ ತೆಗೆಯಿರಿ. ಅದೇ ದೊಡ್ಡ ಪ್ಯಾಕೆಟ್ಟಿನ ಪಾಲು ಕೊಂಡವರ ಫೋನ್ ನಂಬರ್ ನಿಮ್ಮ ಬಿಲ್ಲಿನಲ್ಲಿದೆ, ಅವರಿಗೆ ಒಂದು ಮಾತು ಹೇಳಿ. ಬಹಳಷ್ಟು ಮಂದಿ ಕಾಲೇಜು ಹುಡುಗರು, ಮೊದಲ ರೋಲ್ ಖಾಲಿ ಬಂದರೆ ತಮ್ಮ ಕೈಯೇ ಸರಿಯಿಲ್ಲ ಎಂದುಕೊಂಡು ಬಿಟ್ಟೇಬಿಡುತ್ತಾರೆ. ಸಣ್ಣ ಪ್ರಮಾಣ ಬೇಕೆನ್ನುವವರಿಗೆ 1 ಲೀಟರಿನ ಸೀಲ್ ಪ್ಯಾಕೆಟ್ಟನ್ನೇ ತರಿಸಿಕೊಡಿ, ಬೆಲೆ ಜಾಸ್ತಿಯಾದರೂ ಕೊಡುತ್ತೇವೆ.

ಈ ಪತ್ರ ತಲುಪಿದ 15 ದಿನಗಳಲ್ಲಿ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಲೀಗಲ್ ಮೆಟ್ರಾಲಜಿ ಇಲಾಖೆಗೂ ದೂರು ಕೊಡುತ್ತೇನೆ. ಬಿಲ್ಲಿನ ಪ್ರತಿ, ಕವರ್‌ಗಳ ಮತ್ತು ನೆಗೆಟಿವ್‌ನ ಫೋಟೋಗಳನ್ನು ಲಗತ್ತಿಸಿದ್ದೇನೆ. ಎರಡನೇ ಕವರಿನಿಂದ ಕಲಸಿದ ದ್ರಾವಣ ಒಂದು ಬಾಟಲಿಯಲ್ಲಿ ಹಾಗೇ ಇದೆ. ಪರೀಕ್ಷಿಸಬೇಕೆಂದರೆ ಯಾರನ್ನಾದರೂ ಕಳಿಸಿ, ಸಂಜೆ 7ರ ನಂತರ ಮನೆಯಲ್ಲಿರುತ್ತೇನೆ.

ಇಂತಿ,
ನಿಮ್ಮ ಹಳೆಯ ಗ್ರಾಹಕ