‘ಏಟು ಬಿತ್ತು’ ಅಂತ ಬರೆಯಬೇಡ

ಮೈಸೂರು

ಪ್ರೀತಿಯ ತಂಗಿ,

ಗಂಡ ಹೊಡೆಯುವ ಮನೆಯ ಬಗ್ಗೆ ಬರೆದು ಮಂಡ್ಯದಿಂದ ನೀನು ಕಳಿಸಿದ ಪದ್ಯಗಳನ್ನೆಲ್ಲ ಓದಿದೆ. ಇದು ನಿನ್ನ ಸಂಸಾರದ್ದೋ, ನೀನು ಕಂಡ ಇನ್ಯಾರದ್ದೋ ಅಂತ ಕೇಳುವುದಿಲ್ಲ. ಇನ್ನೊಬ್ಬಳದ್ದಾದರೆ ಮೊದಲು ಅವಳಿಗೆ ಓದಿ ಹೇಳಿ ಒಪ್ಪಿಗೆ ತಗೋ. ನಿನ್ನದೇ ಆದರೆ, ಈ ಪತ್ರದಲ್ಲಿ ಅರ್ಧ ಪದ್ಯಕ್ಕೆ, ಅರ್ಧ ನಿನಗೆ.

ಮೊದಲು ಕ್ರಿಯಾಪದ ನೋಡು. ‘ಏಟು ಬಿತ್ತು’, ‘ಬಳೆ ಒಡೆಯಿತು’, ‘ಜಗಳ ಆಯಿತು’, ‘ಮಾತು ಬೆಳೆಯಿತು’. ಎಲ್ಲ ತಾನಾಗೇ ಆಗಿದೆ, ಮಾಡಿದವನೇ ಇಲ್ಲ. ಠಾಣೆಯಲ್ಲೂ ತವರಿನಲ್ಲೂ ಹೆಣ್ಣುಮಕ್ಕಳು ಹೇಳುವುದು ಹೀಗೇ, ಅವರ ಬಾಯಲ್ಲಿ ಹೇಳಿಸುವುದೂ ಹೀಗೇ. ಪೆನ್ಸಿಲ್ ಹಿಡಿದು ಇಂಥವುಗಳ ಕೆಳಗೆ ಗೆರೆ ಎಳಿ. ಒಂದೊಂದನ್ನೂ ‘ಹೊಡೆದ’, ‘ಒಡೆದ’, ‘ಬೈದ’ ಅಂತ ಮಾಡಿ ಜೋರಾಗಿ ಓದು. ಎಲ್ಲವನ್ನೂ ಬದಲಿಸಬೇಕಾಗಿಲ್ಲ. ಆಸ್ಪತ್ರೆಯಲ್ಲಿ ‘ಬಚ್ಚಲಲ್ಲಿ ಜಾರಿಬಿದ್ದೆ’ ಅನ್ನುವ ಸಾಲಿದೆಯಲ್ಲ, ಅಲ್ಲಿ ಮುಚ್ಚಿಡುವುದೇ ವಿಷಯ, ಹಾಗೇ ಬಿಡು.

ಇನ್ನೊಂದು, ಬಹುವಚನ. ನಮ್ಮ ಕಡೆ ಗಂಡನಿಗೆ ‘ಅವರು’, ‘ನಮ್ಮನೆಯವರು’ ಅಂತೀವಿ. ಪೆಟ್ಟು ತಿಂದವಳೂ ‘ನಮ್ಮನೆಯವರು ಹೊಡೆದರು’ ಅಂತಲೇ ಹೇಳುತ್ತಾಳೆ. ಆ ‘ರು’ ಯಾವ ಸಾಲಿನಲ್ಲಿ ಕಳಚಿಬೀಳುತ್ತದೋ ಪದ್ಯ ತಿರುಗುವುದು ಅಲ್ಲೇ. ನೀನು ಮೊದಲ ಸಾಲಿಗೇ ‘ಅವನು’ ಅಂದುಬಿಟ್ಟಿದ್ದೀಯ, ಆಮೇಲೆ ತಿರುಗುವುದಕ್ಕೆ ಏನೂ ಉಳಿಯಲಿಲ್ಲ. ಹೀಗೆ ಮಾಡಿ ನೋಡು:

ಅವರು ಬಂದರು, ನೀರು ಕೊಟ್ಟೆ.
ಮುದ್ದೆ ಮುರಿದರು, ಸಾರು ಬಿಟ್ಟೆ.
ಉಪ್ಪು ಕಮ್ಮಿ ಅಂದರು.
ಸೌಟು ಎತ್ತಿಕೊಂಡ.

‘ಕ್ರೂರ’ವೂ ಬೇಡ, ‘ರಾಕ್ಷಸ’ನೂ ಬೇಡ. ಕ್ರಿಯಾಪದದ ಕೊನೆಯೇ ಆ ಕೆಲಸ ಮಾಡುತ್ತದೆ. ಮುಂದೆ ಏನಾಯಿತು ಅಂತ ಬರೆಯದಿದ್ದರೂ ನಡೆಯುತ್ತದೆ.

ನೋವಿನ ಕಡಲು, ಪಂಜರದ ಗಿಳಿ, ಒಡೆದ ಕನ್ನಡಿ ಇವನ್ನೆಲ್ಲ ತೆಗೆದುಹಾಕು. ಕಡಲು ಮಂಡ್ಯದಲ್ಲಿ ಎಲ್ಲಿದೆಯಮ್ಮ, ಇರುವುದು ವಿಶ್ವೇಶ್ವರಯ್ಯ ನಾಲೆ. ಅಂಥ ಮನೆಯಲ್ಲಿ ಬದುಕಿದವಳಿಗೆ ಬೈಕಿನ ಸ್ಟ್ಯಾಂಡ್ ಒದೆಯುವ ಸದ್ದಿನಲ್ಲೇ ಆ ರಾತ್ರಿ ಹೇಗಿರುತ್ತದೆ ಅಂತ ತಿಳಿಯುತ್ತದೆ. ಚಪ್ಪಲಿ ಬಿಟ್ಟ ರೀತಿ, ಟಿವಿಯ ಸದ್ದು ಏರಿಸಿದ್ದು, ಮಗು ತಾನಾಗೇ ಹಿತ್ತಿಲಿಗೆ ಹೋದದ್ದು, ಇವನ್ನು ಬರೆ. ‘ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ’ ಅನ್ನುವ ಗಾದೆಯನ್ನು ಬೈಯುತ್ತಾ ಎಂಟು ಸಾಲು ಬರೆದಿದ್ದೀಯ. ಗಾದೆಯನ್ನು ಅತ್ತೆಯ ಬಾಯಲ್ಲಿ ಒಮ್ಮೆ ಹೇಳಿಸಿ, ಮುಂದಿನ ಸಾಲಿನಲ್ಲಿ ಯಾರೂ ಉಣ್ಣದ ಮುದ್ದೆ ಬೆಳಗಿನ ತನಕ ಹಾಗೇ ಇಟ್ಟುಬಿಡು.

ನಿನ್ನ ಎಲ್ಲ ಪದ್ಯಗಳಲ್ಲೂ ಬರೀ ಹೊಡೆತ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ದೌರ್ಜನ್ಯಗಳನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತದೆ. ಹಸು ಅವಳದು, ಹಾಲು ಕರೆಯುವವಳು ಅವಳು, ಡೈರಿ ದುಡ್ಡು ಅವನ ಜೇಬಿಗೆ. ಸಂಘದ ಸಾಲ ಅವಳ ಹೆಸರಲ್ಲಿ, ಗಿರವಿಗೆ ಹೋದ ಓಲೆಯೂ ಅವಳದ್ದೇ. ಇದರ ಮೇಲೆ ಪದ್ಯ ಬರೆಯುವವರು ಕಮ್ಮಿ, ನೀನು ಬರಿ.

ಇನ್ನು ಚೇತರಿಕೆ. ಪ್ರತಿ ಪದ್ಯದ ಕೊನೆಗೂ ಸೂರ್ಯ ಹುಟ್ಟಿಸಿದ್ದೀಯ. ಕೊನೆಯ ನಾಲ್ಕು ಸಾಲಿನ ಮೇಲೆ ಕೈಯಿಟ್ಟು ಓದು, ಅವಿಲ್ಲದೆಯೂ ಪದ್ಯ ಪೂರ್ತಿ ಅನ್ನಿಸಿದರೆ ಆ ನಾಲ್ಕನ್ನೂ ಹೊಡೆದುಹಾಕು. ಚೇತರಿಕೆ ಒಂದೇ ಸಮ ಬರುವುದಿಲ್ಲ. ಸಾರನ್ನು ಬಿಸಿಯಾಗಿರುವಾಗಲೇ ಕೂತು ಉಂಡ ದಿನ ಬರುತ್ತದೆ, ಮರುದಿನ ಬೀದಿಯಲ್ಲಿ ಯಾರದೋ ಬೈಕ್ ನಿಂತರೆ ಕೈ ನಡುಗುತ್ತದೆ. ಎರಡೂ ಒಂದೇ ಪದ್ಯದಲ್ಲಿರಲಿ. ಬೀಸುವ ಪದದ ತ್ರಿಪದಿಯಲ್ಲಿ ಅಭ್ಯಾಸ ಮಾಡು: ಮೊದಲ ಎರಡು ಸಾಲಿಗೆ ನಾಲ್ಕು ನಾಲ್ಕು ಗಣ (ಅಂದರೆ ಲಯದ ಅಕ್ಷರಗುಂಪು), ಮೂರನೆಯದಕ್ಕೆ ಮೂರೇ. ಕೊನೆಯ ಸಾಲು ಗಿಡ್ಡವಾದ್ದರಿಂದ ಅಲ್ಲಿ ಉಪದೇಶಕ್ಕೆ ಜಾಗ ಸಿಗುವುದಿಲ್ಲ.

ರಾತ್ರಿ ಕೂತು ಬರೆಯಬೇಡ, ನಿದ್ದೆ ಕೆಡುತ್ತದೆ. ಹಗಲು ಇಪ್ಪತ್ತು ನಿಮಿಷ ಸಾಕು, ಆಮೇಲೆ ಕೈಗೆ ಕೆಲಸ ಇಟ್ಟುಕೋ, ಸೊಪ್ಪು ಬಿಡಿಸುವುದೋ ಅವರೆ ಸುಲಿಯುವುದೋ. ಉಸಿರು ಕಟ್ಟಿದಂತಾದರೆ ‘ನಾನು’ ಬಿಟ್ಟು ‘ಅವಳು’ ಅಂತ ಬರೆ, ಆಗಲೂ ಆಗದಿದ್ದರೆ ಪುಸ್ತಕ ಮುಚ್ಚು. ಮನಸ್ಸಿನ ಆರೋಗ್ಯಕ್ಕಿರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಪುಸ್ತಕ ಎರಡಿರಲಿ. ಒಂದರಲ್ಲಿ ಪದ್ಯ. ಇನ್ನೊಂದರಲ್ಲಿ ತಾರೀಖು, ಹೊತ್ತು, ಏನು ಮಾಡಿದ, ಯಾರು ನೋಡಿದರು, ಆಸ್ಪತ್ರೆ ಚೀಟಿ. ಅದರಲ್ಲಿ ಒಂದೂ ಉಪಮೆ ಇರಬಾರದು. ವಕೀಲರಿಗೆ, ಆ 2005ರ ಕಾಯ್ದೆಯಡಿ ನೇಮಕವಾದ ರಕ್ಷಣಾಧಿಕಾರಿಗೆ ತೋರಿಸುವುದು ಅದನ್ನು. ಪದ್ಯದ ಕೆಳಗೆ ತಾರೀಖು ಹಾಕಬೇಡ; ‘ಆ ದಿನ ಪ್ರೀತಿಯ ಪದ್ಯ ಬರೆದಿದ್ದಿರಲ್ಲ’ ಅಂತ ಎದುರು ವಕೀಲರು ಕೇಳಿದರೆ ಉತ್ತರ ಹೇಳುವುದು ಕಷ್ಟ. ಇನ್ನೂ ಅದೇ ಮನೆಯಲ್ಲಿರುವವರು ಇವೆರಡನ್ನೂ ಫೋನಿನಲ್ಲಿ ಇಡಬಾರದು. ಗೂಗಲ್ ಖಾತೆ ಇನ್ನೊಂದು ಫೋನಿನಲ್ಲೂ ತೆರೆದಿರಬಹುದು, ವಾಟ್ಸಾಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆಗೆದು ನೋಡು. ಪುಸ್ತಕಗಳನ್ನು ಇಡುವುದಕ್ಕೆ ನಂಬಿಕಸ್ಥ ಗೆಳತಿಯ ಮನೆ ವಾಸಿ.

ಅಚ್ಚಿಗೆ ಕೊಡುವಾಗ ಹೆಸರು, ಊರು, ಅವನ ಕೆಲಸ, ಮಕ್ಕಳ ವಯಸ್ಸು ಬದಲಿಸು. ಸೌಟು ಸೌಟಾಗೇ ಇರಲಿ. ವಿಚ್ಛೇದನದ ಕೇಸು ನಡೆಯುತ್ತಿದ್ದರೆ ಕೋರ್ಟಿನೊಳಗಿನದನ್ನು ಪದ್ಯದಲ್ಲಿ ತರಬೇಡ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ಅಂಥ ಕಲಾಪವನ್ನು ಪ್ರಕಟಿಸುವುದನ್ನು ತಡೆಯುತ್ತದೆ. ಮಾನನಷ್ಟದ ಮಾತೂ ಬರಬಹುದು, ಒಮ್ಮೆ ವಕೀಲರಿಗೆ ತೋರಿಸಿಯೇ ಕಳಿಸು.

ಕವಿಗೋಷ್ಠಿಯಲ್ಲಿ ಇವನ್ನು ಓದಿದರೆ, ಅದು ದಸರಾ ವೇದಿಕೆಯೇ ಆಗಲಿ ಊರಿನ ಶಾಲೆಯೇ ಆಗಲಿ, ಮುಗಿದ ಮೇಲೆ ಯಾರಾದರೂ ಹತ್ತಿರ ಬಂದು ‘ನಮ್ಮನೇಲೂ ಹಿಂಗೇ ಕಣಕ್ಕ’ ಅನ್ನುತ್ತಾರೆ. ಅವರ ಮುಂದೆ ಪದ್ಯದ ಮಾತು ಬೇಡ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರದ ವಿಳಾಸ ಬರೆದ ಚೀಟಿಗಳನ್ನು ಕೈಚೀಲದಲ್ಲಿ ಇಟ್ಟುಕೊಂಡೇ ಹೋಗು. ಆ ಚೀಟಿ ಮನೆಯಲ್ಲಿ ಸಿಕ್ಕರೆ ತೊಂದರೆಯೇ ಅಂತ ಕೇಳಿ ಆಮೇಲೆ ಕೊಡು, ಬಾಯಲ್ಲಿ ಹೇಳಿಕೊಟ್ಟರೂ ಆಯಿತು.

ಡೈರಿ ದುಡ್ಡಿನ ಪದ್ಯ ಮೊದಲು ಬರೆದು ಕಳಿಸು. ಸಾಲಿಗೂ ಸಾಲಿಗೂ ನಡುವೆ ಜಾಗ ಬಿಡು, ತಿದ್ದುವುದಕ್ಕೆ ಬೇಕು.

ನಿನ್ನ,
ಅಕ್ಕ